ಎ, ಬಿ, ಕೆ, ಡಿ: ಸೊಹ್ರಾದ ಒಂದು ಹಳ್ಳಿ ಚರ್ಚಿನ ಸುತ್ತಮುತ್ತ

ಚಿರಾಪುಂಜಿ ಅಂದ ಕೂಡಲೇ ನಿಮಗೆಲ್ಲ ನೆನಪಾಗುವುದು ಮಳೆ. ನಾವು ಪ್ರೈಮರಿ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಅದನ್ನೇ, ನಮ್ಮ ಮಕ್ಕಳು ಕ್ವಿಜ್‌ಗೆ ಓದುವುದೂ ಅದನ್ನೇ. ನಮ್ಮ ಕಡೆಯವರಿಗಂತೂ ಅದು ಇನ್ನೂ ಹತ್ತಿರ, ಆಗುಂಬೆಯನ್ನು ದಕ್ಷಿಣದ ಚಿರಾಪುಂಜಿ ಅಂತ ಕರೆಯುತ್ತಾರಲ್ವಾ. ನಾನು ತೀರ್ಥಹಳ್ಳಿ ಸೀಮೆಯವನು, ಆ ಜಡಿಮಳೆಯಲ್ಲೇ ಬೆಳೆದವನು. ಒಂದು ಸಲ ಅಸಲಿ ಚಿರಾಪುಂಜಿಯನ್ನು ನೋಡಿಬಿಡೋಣ ಅಂತ ಜೂನ್ ತಿಂಗಳಲ್ಲೇ ಹೊರಟೆ. "ಮಳೆ ನೋಡೋಕೆ ಅಷ್ಟು ದೂರ ಯಾಕೆ, ಹಿತ್ತಲ ಬಾಗಿಲು ತೆಗೀರಿ ಸಾಕು" ಅಂದಳು ನನ್ನ ಹೆಂಡತಿ.

ಹೋದ ಮೇಲೆ ಗೊತ್ತಾಯಿತು, ಅಲ್ಲಿನವರ ಬಾಯಲ್ಲಿ ಚಿರಾಪುಂಜಿ ಅನ್ನುವ ಹೆಸರೇ ಇಲ್ಲ. ಅವರಿಗೆ ಅದು ಸೊಹ್ರಾ. ಬ್ರಿಟಿಷರು ಅದನ್ನು ಚೆರ್ರಾ ಮಾಡಿದರು, ಆಮೇಲೆ ಬಾಲದಂತೆ ಪುಂಜಿ ಅಂಟಿಕೊಂಡಿತು. ಈಗ ಸರ್ಕಾರವೇ ಹಳೆಯ ಹೆಸರನ್ನು ವಾಪಸ್ ಕೊಟ್ಟಿದೆ. ಶಿಲ್ಲಾಂಗಿನಿಂದ 50 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಅಲ್ಲಿಂದ ಮುಂದೆ ನೆಲ ಧಸಕ್ಕನೆ ಕೆಳಗಿಳಿದು ಬಾಂಗ್ಲಾದೇಶದ ಸಿಲ್ಹೆಟ್ ಬಯಲು ಸೇರುತ್ತದೆ. ಸೊಹ್ರಾ ಅಂದರೆ ಒಂದೇ ಊರು ಅಂದುಕೊಂಡಿದ್ದೆ. ಅದು ಅಕ್ಕಪಕ್ಕದ ಸಣ್ಣ ಸಣ್ಣ ಊರುಗಳ ಗೊಂಚಲು: ನೊಂಗ್ಸಾವ್ಲಿಯಾ, ಸೈತ್ಸೊಹ್ಪೆನ್, ಮಾವ್‌ಮ್ಲುಹ್, ಮಾವ್‌ಸ್ಮೈ.

ಆ ನೊಂಗ್ಸಾವ್ಲಿಯಾದಲ್ಲಿ ಒಂದು ಚರ್ಚ್ ಇದೆ. ಶುರುವಾಗಿದ್ದು 1846ರಲ್ಲಿ. ಮೇಘಾಲಯದ ಈ ಭಾಗದಲ್ಲಿರುವವರು ಖಾಸಿ ಜನ, ಅವರ ಖಾಸಿ ಬೆಟ್ಟಗಳಲ್ಲೇ ಎಲ್ಲಕ್ಕಿಂತ ಹಳೆಯ ಪ್ರೆಸ್ಬಿಟೇರಿಯನ್ ಚರ್ಚ್ ಅದು. ನಾನು ಇವತ್ತು ಮಾತಾಡಬೇಕು ಅಂದುಕೊಂಡಿದ್ದು ಅದರ ಬಗ್ಗೆ ಮತ್ತು ಅದರ ನೆರೆಯ ಊರುಗಳ ಬಗ್ಗೆ. ಕಟ್ಟಡ ಹೇಗಿದೆ ಅಂತ ಮಾತ್ರ ಕೇಳಬೇಡಿ. ಎರಡು ದಿನ ಹೋದೆ, ಎರಡು ದಿನವೂ ಮಂಜು. ಒಂದು ಸಲ ಮೂಲೆ ಕಂಡಿತು, ಇನ್ನೊಂದು ಸಲ ಬಾಗಿಲು ಕಂಡಿತು. ಅದೇ ಮಂಜಿನೊಳಗಿಂದ ಒಬ್ಬ ಅಜ್ಜಿ ಬಂದರು, ಬೆನ್ನ ಮೇಲೆ ಬಿದಿರು ಮತ್ತು ಎಲೆಯಲ್ಲಿ ಹೆಣೆದ ದೊಡ್ಡ ಚಿಪ್ಪು. ನನಗೆ ಎದೆ ಝಲ್ಲೆಂದಿತು. ನಮ್ಮ ಗೊರಬು! ನಾಟಿ ಗದ್ದೆಯಲ್ಲಿ ನಮ್ಮಮ್ಮ ಹಾಕಿಕೊಳ್ಳುತ್ತಿದ್ದರಲ್ಲ, ಅದೇ. ಅಲ್ಲಿ ಅದಕ್ಕೆ ಕ್ನುಪ್ ಅನ್ನುತ್ತಾರೆ. ಎರಡು ಸಾವಿರ ಕಿಲೋಮೀಟರ್‌ಗೂ ಆಚೆ ಮಳೆ ಮನುಷ್ಯನಿಗೆ ಅದೇ ಬುದ್ಧಿ ಕಲಿಸಿದೆ.

ಇರಲಿ. ಪ್ರೆಸ್ಬಿಟೇರಿಯನ್ ಅಂದರೆ ಏನು ಅಂತ ಒಂದೆರಡು ಮಾತು ಹೇಳಿಬಿಡುತ್ತೇನೆ, ನಮ್ಮ ಕಡೆ ಆ ಹೆಸರಿನ ಬೋರ್ಡು ಕಾಣುವುದು ಕಡಿಮೆ. ದಕ್ಷಿಣದಲ್ಲಿ 1947ರಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಆದವು, ಇಲ್ಲಿದ್ದ ಪ್ರೆಸ್ಬಿಟೇರಿಯನ್ನರೂ ಅದರಲ್ಲಿ ಸೇರಿಹೋದರು. ಗ್ರೀಕ್ ಭಾಷೆಯಲ್ಲಿ ಪ್ರೆಸ್ಬಿಟರ್ ಅಂದರೆ ಹಿರಿಯ. ಈ ಪದ್ಧತಿಯಲ್ಲಿ ಮೇಲೆ ಕೂತು ಹುಕುಂ ಕೊಡುವ ಬಿಷಪ್ ಇಲ್ಲ. ಊರಿನ ಸಭೆಯವರು ತಮ್ಮೊಳಗೇ ಹಿರಿಯರನ್ನು ಆರಿಸುತ್ತಾರೆ, ಪಾದ್ರಿಯ ಜೊತೆ ಆ ಹಿರಿಯರೂ ಕೂತು ಕೆಲಸ ನಡೆಸುತ್ತಾರೆ. ಹಲವು ಊರಿನವರು ಸೇರಿದರೆ ಅದರ ಮೇಲಿನ ಸಭೆ, ಅದಕ್ಕೂ ಮೇಲೆ ಸಿನೊಡ್. ನಮ್ಮ ಹಳ್ಳಿಗಳಲ್ಲಿ ಹತ್ತು ಸಮಸ್ತರು ಸೇರಿ ತೀರ್ಮಾನ ಮಾಡುತ್ತಿದ್ದರಲ್ಲ, ಸರಿಸುಮಾರು ಹಾಗೆ.

ಖಾಸಿಗಳಿಗೂ ಇದು ಹೊಸದಾಗಿರಲಿಲ್ಲ. ಅವರಲ್ಲಿ ಊರೂರಿಗೂ ದೊರ್ಬಾರ್ ಇದೆ. ನಮ್ಮ ದರ್ಬಾರು ಪದವೇ, ಆದರೆ ಅಲ್ಲಿ ರಾಜನ ಒಡ್ಡೋಲಗ ಅಂತ ಅರ್ಥ ಅಲ್ಲ, ಊರಿನ ಕೂಟ. ಬಾಸಾನ್ ಅಂದರೆ ಅವರ ಹಳೇ ಆಡಳಿತದಲ್ಲಿ ಹಿರಿಯನಿಗಿದ್ದ ಹೆಸರು. ಚರ್ಚಿನ ಹಿರಿಯರಿಗೆ ಅವರು ಇವತ್ತು ಹೇಳುವುದು ತಿಮ್ಮೆನ್ ಬಾಸಾನ್ ಅಂತ. ಪದ್ಧತಿ ಹಡಗು ಹತ್ತಿ ಬಂತು, ಅದಕ್ಕೆ ಬೇಕಾದ ಮಾತು ಊರಲ್ಲೇ ಸಿಕ್ಕಿತು. ಬಿಷಪ್ ಇರುವ ಚರ್ಚು ಮೊದಲು ಬಂದಿದ್ದರೆ ಇಷ್ಟು ಸಲೀಸಾಗಿ ಬೇರು ಬಿಡುತ್ತಿರಲಿಲ್ಲ ಅಂತ ನನ್ನ ಗುಮಾನಿ. ಇದನ್ನು ವಾದ ಮಾಡಿ ಗೆಲ್ಲುವಷ್ಟು ಓದಿದವನಲ್ಲ ನಾನು.

ಈಗ ಬಂದವರ ಕಥೆ. ಥಾಮಸ್ ಜೋನ್ಸ್ ಅಂತ. 1810ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಮಾಂಟ್‌ಗೊಮರಿಶೈರ್‌ನಲ್ಲಿ ಹುಟ್ಟಿದವರು, ಬಡಗಿಯ ಮಗ, ತಾವೂ ಆ ಕೆಲಸ ಬಲ್ಲವರು. ಇಂಡಿಯಾಕ್ಕೆ ಹೋಗುತ್ತೇನೆ ಅಂತ ಲಂಡನ್ ಮಿಷನರಿ ಸೊಸೈಟಿಯ ಬಾಗಿಲು ತಟ್ಟಿದರು. ನಿನ್ನ ಆರೋಗ್ಯಕ್ಕೆ ಇಂಡಿಯಾ ಆಗಿಬರಲ್ಲ, ಬೇರೆ ಕಡೆ ಹೋಗು ಅಂದರು ಅವರು. ಇವರು ಹಟ ಬಿಡಲಿಲ್ಲ. ಕೊನೆಗೆ ವೇಲ್ಸ್‌ನ ಕ್ಯಾಲ್ವಿನಿಸ್ಟಿಕ್ ಮೆಥಡಿಸ್ಟರು, ಅಂದರೆ ಅಲ್ಲಿನ ಪ್ರೆಸ್ಬಿಟೇರಿಯನ್ನರು, 1840ರಲ್ಲಿ ಲಿವರ್‌ಪೂಲಿನಲ್ಲಿ ಸೇರಿ ತಮ್ಮದೇ ಸಂಘ ಕಟ್ಟಿ ಇವರನ್ನು ಕಳಿಸಿದರು. ಹೆಂಡತಿ ಆನ್ ಜೊತೆ ಹಡಗು ಹತ್ತಿ, ಕಲ್ಕತ್ತಕ್ಕೆ ಬಂದು, ಅಲ್ಲಿಂದ ಸಿಲ್ಹೆಟ್ ಬಯಲು ದಾಟಿ ಬೆಟ್ಟ ಹತ್ತಿ ಸೊಹ್ರಾ ಸೇರಿದ್ದು 1841ರ ಜೂನ್ 22. ಜೂನ್! ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನು ನಡೆದು ಹತ್ತಿದವರಿಗೆ ಮಾತ್ರ ಅದರ ಕಷ್ಟ ಅರ್ಥವಾದೀತು.

ಜೋನ್ಸ್ ಮಾಡಿದ್ದು ಏನು ಅಂತ ಹೇಳುವ ಮೊದಲು ಒಂದು ಖಾಸಿ ಕಥೆ ಕೇಳಿ. ದೇವರು ಎಲ್ಲರಿಗೂ ಅಕ್ಷರ ಹಂಚಿದನಂತೆ. ಒಬ್ಬ ಖಾಸಿ, ಒಬ್ಬ ಬಯಲುಸೀಮೆಯವ, ಇಬ್ಬರೂ ತಮ್ಮ ಪಾಲು ತಗೊಂಡು ಜೊತೆಗೆ ವಾಪಸ್ ಬರುತ್ತಿದ್ದರು. ದಾರಿಯಲ್ಲಿ ದೊಡ್ಡ ಹೊಳೆ ಉಕ್ಕಿ ಬಂತು, ಈಜಲೇಬೇಕು. ಬಯಲಿನವನು ಅಕ್ಷರವನ್ನು ಜುಟ್ಟಿಗೆ ಕಟ್ಟಿಕೊಂಡು ಈಜಿದ. ಖಾಸಿ ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡ. ನಡುಹೊಳೆಯಲ್ಲಿ ನೀರು ಬಾಯಿಗೆ ನುಗ್ಗಿ ಗುಟುಕ್ಕಂತ ನುಂಗಿಬಿಟ್ಟ. ಅದಕ್ಕೇ ನಮಗೆ ಲಿಪಿ ಇಲ್ಲ, ಎಲ್ಲ ಹೊಟ್ಟೆಯಲ್ಲೇ ಇದೆ, ಹಾಡು ಕಥೆ ಮಂತ್ರ ಎಲ್ಲ ಬಾಯಿಂದಲೇ ಬರುತ್ತದೆ ಅಂತ ಅವರು ಹೇಳುತ್ತಾರೆ. ನನ್ನ ಕೇಳಿದರೆ, ಲಿಪಿ ಇಲ್ಲದ್ದಕ್ಕೆ ಇದಕ್ಕಿಂತ ಮರ್ಯಾದೆಯ ಕಾರಣ ಯಾರೂ ಕೊಟ್ಟಿಲ್ಲ.

ಜೋನ್ಸ್‌ಗಿಂತ ಮೊದಲು ಬಂಗಾಳದ ಸೆರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಪಾದ್ರಿಗಳು ಒಂದು ಕೈ ನೋಡಿದ್ದರು. ಖಾಸಿ ಭಾಷೆಯನ್ನು ಬಂಗಾಳಿ ಲಿಪಿಯಲ್ಲಿ ಬರೆದು ಅಚ್ಚು ಹಾಕಿದರು. 1832ರಲ್ಲಿ ಅಲೆಕ್ಸಾಂಡರ್ ಲಿಶ್ ಅನ್ನುವವರು ಸೊಹ್ರಾಕ್ಕೇ ಬಂದು ಶಾಲೆ ತೆಗೆದರು. ಆದರೆ ಆ ಲಿಪಿ ಹತ್ತಲಿಲ್ಲ, ಕೆಲವೇ ವರ್ಷದಲ್ಲಿ ಎಲ್ಲ ಮುಚ್ಚಿತು. ಜೋನ್ಸ್ ರೋಮನ್ ಅಕ್ಷರ ಹಿಡಿದರು. ಆ ಅಕ್ಷರಗಳನ್ನು ಇಂಗ್ಲಿಷಿನವರ ಹಾಗೆ ಬಳಸಲಿಲ್ಲ, ತಮ್ಮ ತಾಯ್ನುಡಿ ವೆಲ್ಷ್‌ನ ಹಾಗೆ ಬಳಸಿದರು. ಇದು ನನಗೆ ಬಹಳ ಹಿಡಿಸಿದ ವಿಷಯ. ಇವತ್ತಿಗೂ ಖಾಸಿ ಮಗು ಅಕ್ಷರಮಾಲೆ ಹೇಳುವುದು ಎ, ಬಿ, ಕೆ, ಡಿ ಅಂತ. ಸಿ ಇಲ್ಲ. ಸಿ ಕೂರಬೇಕಾದ ಜಾಗದಲ್ಲಿ ಕೆ ಕೂತಿದೆ. ವೆಲ್ಷ್‌ನಲ್ಲಿ ಸಿ ಅಂದರೆ ಯಾವಾಗಲೂ ಕ ಶಬ್ದವೇ. ಜಿ ಆದ ಮೇಲೆ 'ಙ' ಶಬ್ದಕ್ಕೆ ಎನ್‌ಜಿ ಅಂತ ಒಂದು ಜೋಡಿ ಅಕ್ಷರ ಬರುತ್ತದೆ, ವೆಲ್ಷ್‌ನಲ್ಲೂ ಅದು ಅಲ್ಲೇ ಇದೆ. ವೈ ಅನ್ನುವುದು ವ್ಯಂಜನ ಅಲ್ಲ, ಸ್ವರ. ಎಫ್, ಕ್ಯೂ, ವಿ, ಎಕ್ಸ್, ಝಡ್ ಇಲ್ಲವೇ ಇಲ್ಲ. ಒಟ್ಟು 23 ಅಕ್ಷರ.

ಇದು ಗೊತ್ತಿಲ್ಲದೆ ನಾನು ಟ್ಯಾಕ್ಸಿಯಲ್ಲಿ ಕೂತು ಬೋರ್ಡು ಓದುತ್ತಿದ್ದೆ. "ಲೈಟ್‌ಕೈನ್‌ಸ್ಯೂ" ಅಂತ ಗಟ್ಟಿಯಾಗಿ ಓದಿದೆ. ಡ್ರೈವರ್ ಹುಡುಗ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ನಕ್ಕ. "ಲೈತ್‌ಕಿನ್ಸೆವ್, ಅಂಕಲ್." ಇಂಗ್ಲಿಷ್ ಬಂದವರಿಗೇ ಜಾಸ್ತಿ ತಪ್ಪುವ ಇಂಗ್ಲಿಷ್ ಅಕ್ಷರ! ಇನ್ನೊಂದು ಮಾತು ಸೇರಿಸಲೇಬೇಕು. 1847ರಲ್ಲಿ ವೇಲ್ಸ್‌ನ ಶಾಲೆಗಳ ಬಗ್ಗೆ ಲಂಡನ್ ಸರ್ಕಾರ ಮಾಡಿಸಿದ ವರದಿಯೊಂದು ಹೊರಬಂತು. ಆ ಜನ ಹಿಂದುಳಿದಿರುವುದಕ್ಕೆ ವೆಲ್ಷ್ ಭಾಷೆಯೂ ಒಂದು ಕಾರಣ ಅಂತ ಅದರಲ್ಲಿತ್ತು. ತಮ್ಮ ಮನೆಯಲ್ಲೇ ಬೈಸಿಕೊಳ್ಳುತ್ತಿದ್ದ ಭಾಷೆಯ ಕಾಗುಣಿತವನ್ನು ಈ ಮನುಷ್ಯ ಅಷ್ಟು ದೂರದ ಬೆಟ್ಟದಲ್ಲಿ ಇನ್ನೊಂದು ಭಾಷೆಗೆ ತೊಡಿಸುತ್ತಿದ್ದರು. ನಮ್ಮ ಮಂಗಳೂರಿನಲ್ಲೂ ಆಗ ಬಾಸೆಲ್ ಮಿಷನ್‌ನವರು ಇದ್ದರು, 'ಮಂಗಳೂರ ಸಮಾಚಾರ' ಬಂದದ್ದು 1843ರಲ್ಲಿ. ಇಲ್ಲಿಗೆ ಬಂದವರಿಗೆ ಕನ್ನಡದ ಅಕ್ಷರ ಸಿದ್ಧವಾಗಿ ಕಾದಿತ್ತು, ಸಾವಿರಕ್ಕೂ ಹೆಚ್ಚು ವರ್ಷದ್ದು. ಅವರು ಅಚ್ಚಿನ ಮೊಳೆಗೆ ತಲೆ ಕೆಡಿಸಿಕೊಂಡರು, ಜೋನ್ಸ್ ಅಕ್ಷರಕ್ಕೇ ತಲೆ ಕೆಡಿಸಿಕೊಂಡರು.

1842ರಲ್ಲಿ ಮೂರು ಶಾಲೆ ತೆಗೆದರು: ಸೊಹ್ರಾ, ಮಾವ್‌ಸ್ಮೈ, ಮಾವ್‌ಮ್ಲುಹ್. ಜನ ಬಂದದ್ದು ಓದು ಕಲಿಯಲು, ಬಡಗಿ ಕೆಲಸ ಕಲಿಯಲು. ಸೌದೆಯ ಬದಲು ಕಲ್ಲಿದ್ದಲು ಉರಿಸುವುದು, ಸುಣ್ಣ ಸುಡುವುದಕ್ಕೆ ಅದನ್ನೇ ಬಳಸುವುದು, ಇದನ್ನೆಲ್ಲ ಹೇಳಿಕೊಟ್ಟಿದ್ದು ಜೋನ್ಸ್ ಅಂತ ಅಲ್ಲಿ ಈಗಲೂ ಹೇಳುತ್ತಾರೆ. ಖಾಸಿಗಳೇನೂ ಬೆಂಕಿಯ ಕೆಲಸ ಗೊತ್ತಿಲ್ಲದವರಲ್ಲ, ನೆನಪಿಡಿ. ಅವರು ತಲೆತಲಾಂತರದಿಂದ ಕಬ್ಬಿಣ ಕರಗಿಸಿದವರು. ಅದಕ್ಕೆ ಬೇಕಾದ ಇದ್ದಿಲಿಗೇ ಕಾಡು ಹೋಯಿತು, ಮೇಲಿಂದ ಮಳೆ ಬಿದ್ದು ಮಣ್ಣೂ ಹೋಯಿತು. ಸೊಹ್ರಾದ ಬೋಳು ಬಯಲು ನೋಡಿದರೆ ವರ್ಷಕ್ಕೆ 11,000 ಮಿ.ಮೀ. ಮಳೆ ಬೀಳುವ ಜಾಗ ಅಂತ ನಂಬುವುದೇ ಕಷ್ಟ. ಚಳಿಗಾಲದಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುತ್ತಾರೆ. ನಮ್ಮ ಮಲೆನಾಡಿನಲ್ಲೂ ಮಾರ್ಚ್ ಬಂದರೆ ಬಾವಿ ಒಣಗುತ್ತದಲ್ಲ, ಅದೇ ದಾರಿ. ಅದು ಇನ್ನೊಂದು ದಿನದ ಭಾಷಣ, ಬಿಡಿ.

ಅಕ್ಷರ ತಗೊಂಡವರು ಧರ್ಮ ತಗೊಳ್ಳಲು ಅವಸರ ಮಾಡಲಿಲ್ಲ. ಮೊದಲ ದೀಕ್ಷಾಸ್ನಾನ ಆಗಿದ್ದು 1846ರಲ್ಲಿ, ಅದೂ ಇಬ್ಬರಿಗೆ. ಐದು ವರ್ಷಕ್ಕೆ ಇಬ್ಬರು. ಯಾಕೆ ಅಷ್ಟು ನಿಧಾನ ಅಂದರೆ, ಆಗ ಕ್ರಿಶ್ಚಿಯನ್ ಆಗುವುದು ಅಂದರೆ ಮನೆ ಮತ್ತು ಸಂತೆ ಎರಡರ ಜೊತೆಗೂ ತಿಕ್ಕಾಟ.

ಸಂತೆಯದು ಸ್ವಾರಸ್ಯವಾಗಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಖಾಸಿಗಳ ವಾರಕ್ಕೆ ಏಳು ದಿನ ಅಲ್ಲ, ಎಂಟು. ಒಂದೊಂದು ದಿನಕ್ಕೂ ಒಂದೊಂದು ಸಂತೆಯ ಹೆಸರು. ನಮ್ಮ ಕೊಪ್ಪದ ಸಂತೆ, ತೀರ್ಥಹಳ್ಳಿ ಸಂತೆ ಅಂತ ವಾರಗಳಿಗೇ ಹೆಸರಿಟ್ಟ ಹಾಗೆ. ಅಡಕೆ, ಕಿತ್ತಳೆ, ಒಣಮೀನು, ಸಾಲ, ಸುದ್ದಿ, ನೆಂಟಸ್ತನ ಎಲ್ಲ ನಡೆಯುವುದು ಸಂತೆಯಲ್ಲೇ. ವೆಲ್ಷ್ ಪಾದ್ರಿಗಳಿಗೋ ಭಾನುವಾರ ಅಂದರೆ ಭಾನುವಾರವೇ. ಆವತ್ತು ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಎಂಟು ದಿನದ ಸಂತೆ ನಮ್ಮ ಏಳು ದಿನದ ವಾರದಲ್ಲಿ ಪ್ರತಿ ಸಲ ಒಂದೊಂದು ದಿನ ಮುಂದೆ ಜರುಗುತ್ತದೆ, ಲೆಕ್ಕ ಹಾಕಿ, 56 ದಿನಕ್ಕೊಮ್ಮೆ ಭಾನುವಾರಕ್ಕೇ ಬಂದು ಕೂರುತ್ತದೆ. ಹೊಸದಾಗಿ ಸೇರಿದವನು ಆ ದಿನ ಏನು ಮಾಡಬೇಕು? ಹೋದರೆ ಚರ್ಚಿನವರಿಗೆ ಸಿಟ್ಟು, ಬಿಟ್ಟರೆ ಮನೆಯಲ್ಲಿ ಉಪ್ಪಿಲ್ಲ. ಯಾರ ಎಷ್ಟು ನಂಬಿಕೆ ಗಟ್ಟಿ ಅಂತ ಊರಿನವರು ಅಳೆಯುತ್ತಿದ್ದುದು ಅವತ್ತೇ.

ಕೊನೆಗೆ ಏನಾಯಿತು ಗೊತ್ತಾ? ಯಾರೂ ಗೆಲ್ಲಲಿಲ್ಲ. ವಾರ ಏಳು ದಿನದ್ದಾಯಿತು, ಸಂತೆ ಎಂಟು ದಿನದ್ದೇ ಉಳಿಯಿತು, ಭಾನುವಾರಕ್ಕೆ ಬಿದ್ದರೆ ಒಂದು ದಿನ ಮೊದಲೇ ಶನಿವಾರ ನಡೆಸುವುದು ಅಂತ ರೂಢಿಯಾಯಿತು. ನನಗೆ ಇದು ಗೊತ್ತಾಗಿದ್ದು ಮೋಸ ಹೋಗಿ. ಬೆರಳು ಮಡಚಿ ಎಂಟು ಎಣಿಸಿಕೊಂಡು ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಹೋದೆ. ಮೈದಾನ ಖಾಲಿ, ಎಲೆ ಅಡಕೆಯ ಕೆಂಪು ಕಲೆ ಮಾತ್ರ. ಲಾಡ್ಜಿನವರು "ನಿನ್ನೇನೇ ಆಯ್ತಲ್ಲ" ಅಂದರು.

ಮನೆಯ ತಿಕ್ಕಾಟ ಇದಕ್ಕಿಂತ ಕಷ್ಟದ್ದು. ಖಾಸಿಗಳದು ತಾಯಿಯ ಕಡೆಯಿಂದ ನಡೆಯುವ ಕುಲ. ಅಳಿಯಕಟ್ಟು ಗೊತ್ತಿರುವ ಕರಾವಳಿಯವರು ಇಲ್ಲಿದ್ದರೆ ಬೇಗ ಅರ್ಥವಾಗುತ್ತದೆ, ಆದರೂ ಒಂದು ವ್ಯತ್ಯಾಸ ಇದೆ. ಅವರಲ್ಲಿ ಮನೆ ಉಳಿಯುವುದು ಕೊನೆಯ ಮಗಳಿಗೆ. ಖಾತ್‌ದುಹ್ ಅನ್ನುತ್ತಾರೆ. ಮನೆಯ ಜೊತೆಗೆ ಹಿರಿಯರ ಕಾರ್ಯ, ಕುಲದ ಪೂಜೆ ಎಲ್ಲ ಅವಳ ಹೆಗಲ ಮೇಲೆ. ಈಗ ಅವಳೇ ಚರ್ಚಿಗೆ ಸೇರಿದರೆ? ಪೂಜೆ ನಡೆಸುವವರು ಯಾರು? ಹಳೆಯ ಕಟ್ಟಳೆಯ ಪ್ರಕಾರ ಧರ್ಮ ಬದಲಿಸಿದ ಕೊನೆಯ ಮಗಳು ಆ ಸ್ಥಾನ ಕಳೆದುಕೊಳ್ಳುತ್ತಿದ್ದಳು, ಅದು ಅವಳಿಗಿಂತ ದೊಡ್ಡ ಅಕ್ಕನಿಗೆ ಹೋಗುತ್ತಿತ್ತು. ಅಂದರೆ ಪ್ರಾರ್ಥನೆಗೆ ಹೋಗುವ ಹುಡುಗಿ ಬಿಡಬೇಕಾಗಿದ್ದು ಬರೀ ಹಳೆಯ ದೇವರನ್ನಲ್ಲ, ಅಮ್ಮನ ಒಲೆಯನ್ನೇ. ಇವತ್ತು ಆ ಬಿಗಿ ಇಲ್ಲ. 2011ರ ಜನಗಣತಿಯಲ್ಲಿ ಮೇಘಾಲಯದ ನೂರಕ್ಕೆ 74 ಮಂದಿಗಿಂತ ಜಾಸ್ತಿ ಕ್ರಿಶ್ಚಿಯನ್ನರು. ಆದರೂ ಆಸ್ತಿ ಮತ್ತು ಮನೆತನದ ಹೆಸರು ತಾಯಿಯಿಂದಲೇ ನಡೆಯುತ್ತದೆ. ಚರ್ಚು ಅದನ್ನು ಮುಟ್ಟಲಿಲ್ಲ, ಅಥವಾ ಮುಟ್ಟಲು ಆಗಲಿಲ್ಲ.

ಜೋನ್ಸ್ ಕಥೆ ಚೆನ್ನಾಗಿ ಮುಗಿಯಲಿಲ್ಲ. 1845ರಲ್ಲಿ ಆನ್ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ಜೋನ್ಸ್ ತಮಗಿಂತ ಬಹಳ ಚಿಕ್ಕ ಹುಡುಗಿಯನ್ನು ಮದುವೆಯಾದರು. ಇದನ್ನು ನಾನು ಸಮರ್ಥಿಸಲ್ಲ, ಆ ಕಾಲದವರೂ ಸಮರ್ಥಿಸಲಿಲ್ಲ. 1847ರಲ್ಲಿ ಮಿಷನ್ ಅವರನ್ನು ಹೊರಹಾಕಿತು. ಆಮೇಲೆ ಬೆಟ್ಟದ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಹ್ಯಾರಿ ಇಂಗ್ಲಿಸ್ ಅನ್ನುವ ದೊಡ್ಡ ಕುಳ ಬಡ ಖಾಸಿಗಳಿಗೆ ಮಾಡುತ್ತಿದ್ದ ಅನ್ಯಾಯದ ವಿರುದ್ಧ ದನಿ ಎತ್ತಿದರು. ಇಂಗ್ಲಿಸ್ ಬೆನ್ನು ಹತ್ತಿದ. ಕಾಡು ಹಾದು ತಪ್ಪಿಸಿಕೊಂಡು ಓಡುವಾಗ ಮಲೇರಿಯಾ ಹಿಡಿಯಿತು. 1849ರ ಸೆಪ್ಟೆಂಬರಿನಲ್ಲಿ ಕಲ್ಕತ್ತದಲ್ಲಿ ಸತ್ತರು, ನಲವತ್ತೂ ಆಗಿರಲಿಲ್ಲ. ಸಮಾಧಿ ಅಲ್ಲಿನ ಸ್ಕಾಟಿಷ್ ಸ್ಮಶಾನದಲ್ಲಿದೆ. ಅವರ ತಪ್ಪು ಯಾವುದು, ಅವರನ್ನು ಕಂಡರೆ ಆಗದವರು ಸೇರಿಸಿದ್ದು ಯಾವುದು ಅಂತ ಇಷ್ಟು ವರ್ಷದ ಮೇಲೆ ಬೇರ್ಪಡಿಸುವುದು ಸುಲಭವಲ್ಲ. ಆದರೆ 2018ರಲ್ಲಿ ಮೇಘಾಲಯ ಸರ್ಕಾರ ಅವರು ಬೆಟ್ಟ ಹತ್ತಿದ ದಿನ, ಜೂನ್ 22ನ್ನು, ಥಾಮಸ್ ಜೋನ್ಸ್ ದಿನ ಅಂತ ಘೋಷಿಸಿತು. ಮಿಷನ್ ಕೆಲಸದಿಂದ ತೆಗೆದವರನ್ನು ಊರು ಇಟ್ಟುಕೊಂಡಿತು.

ಅವರ ನಂತರ ಬಂದವರು ಕೆಲಸ ಮುಂದುವರಿಸಿದರು, ಅದನ್ನು ಬೇಗ ಹೇಳಿಬಿಡುತ್ತೇನೆ. ವಿಲಿಯಂ ಲೂಯಿಸ್ ಹೊಸ ಒಡಂಬಡಿಕೆಯನ್ನು ಖಾಸಿಗೆ ತಂದರು, 1887ರಲ್ಲಿ ಸೊಹ್ರಾದಲ್ಲಿ ದೇವಶಾಸ್ತ್ರದ ಕಾಲೇಜು ಶುರುವಾಯಿತು, ಜಾನ್ ರಾಬರ್ಟ್ಸ್ ಕೈ ಹಚ್ಚಿ 1891ರಲ್ಲಿ ಇಡೀ ಬೈಬಲ್ ಮುಗಿಯಿತು. 1897ರ ಜೂನ್ 12, ಶನಿವಾರ ಸಂಜೆ, ಭೂಮಿ ನಡುಗಿತು. ಎಂಥ ನಡುಕ ಅಂದರೆ ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳೆಲ್ಲ ಮಲಗಿದವು. ಸೊಹ್ರಾ ಕಡೆ ಗುಡ್ಡಗಳೇ ಕುಸಿದು ಊರುಗಳ ಮೇಲೆ ಬಿದ್ದವು, ನೂರಾರು ಜನ ಹೋದರು. ಮಿಷನ್ ಐವತ್ತು ವರ್ಷ ಕಟ್ಟಿದ ಚರ್ಚುಗಳು ಒಂದೆರಡು ನಿಮಿಷದಲ್ಲಿ ರಾಶಿಯಾದವು. ಸುಮ್ನೆ ಯೋಚಿಸಿ, ಮರುದಿನ ಭಾನುವಾರ. ಒಂದು ದಿನ ತಡವಾಗಿ ನಡುಗಿದ್ದರೆ ಒಳಗೆ ಜನ ಇರುತ್ತಿದ್ದರು. ಆಮೇಲೆ ಆ ಕಡೆ ಕಲ್ಲಿನ ಗೋಡೆಗೆ ಜನ ಹೆದರಿದರು. ಮರದ ಕಂಬ, ಹುಲ್ಲುಕಡ್ಡಿಗೆ ಮೆತ್ತಿದ ಗೋಡೆ, ತಗಡಿನ ಸೂರು ಬಂದವು.

ಅದೇ ಹೊತ್ತಿಗೆ ಇನ್ನೊಂದು ನಡೆಯಿತು, ನನ್ನ ಇಡೀ ಮಾತಿನಲ್ಲಿ ನನಗೆ ಮುಖ್ಯ ಅನಿಸಿದ್ದು ಇದು. ನೊಂಗ್ಸಾವ್ಲಿಯಾದ ಪಕ್ಕದ ಸೈತ್ಸೊಹ್ಪೆನ್‌ನವರು ಜೀಬನ್ ರಾಯ್. ಸರ್ಕಾರಿ ಅಧಿಕಾರಿಯಾಗಿದ್ದವರು, ಕ್ರಿಶ್ಚಿಯನ್ ಆಗದವರು. ನಮ್ಮ ಹಳೆಯ ಧರ್ಮಕ್ಕೂ ಪುಸ್ತಕ ಬೇಕು ಅಂತ ಹಟ ಹಿಡಿದು 1896ರಲ್ಲಿ ಶಿಲ್ಲಾಂಗಿನಲ್ಲಿ ರಿ ಖಾಸಿ ಪ್ರೆಸ್ ಅಂತ ಅಚ್ಚುಕೂಟ ತೆಗೆದರು. ಖಾಸಿ ಧರ್ಮದ ಬಗ್ಗೆ ಬರೆದರು. ಹಿತೋಪದೇಶ, ರಾಮಾಯಣ ಎರಡನ್ನೂ ಖಾಸಿಗೆ ತಂದರು. ಯಾವ ಅಕ್ಷರದಲ್ಲಿ? ಅದೇ ಎ, ಬಿ, ಕೆ, ಡಿ. ಬೈಬಲಿಗೆ ಅಂತ ಕೆತ್ತಿದ ಅಕ್ಷರದಲ್ಲಿ ರಾಮ ಸೀತೆಯರೂ ಬಂದು ಕೂತರು. 1899ರಲ್ಲಿ 16 ಯುವಕರು ಸೇರಿ ಸೆಂಗ್ ಖಾಸಿ ಕಟ್ಟಿದರು, ಹಳೆಯ ಧರ್ಮ ಉಳಿಸಿಕೊಳ್ಳುವ ಸಂಘ. ಅದು ಇವತ್ತೂ ಇದೆ, ಅದರ ಕಾಗದಪತ್ರವೂ ಜೋನ್ಸ್ ಕಾಗುಣಿತದಲ್ಲೇ. 1924ರಲ್ಲಿ ಕೆಳಗಿನ ಶೆಲ್ಲಾಕ್ಕೆ ರಾಮಕೃಷ್ಣ ಮಿಷನ್‌ನ ಸ್ವಾಮಿ ಪ್ರಭಾನಂದರು ಬಂದರು, 1931ರಲ್ಲಿ ಸೊಹ್ರಾಕ್ಕೂ ಬಂದರು. ಈಗ ಆ ಬೆಟ್ಟದಲ್ಲಿ ಅವರ ದೊಡ್ಡ ಶಾಲೆ ಇದೆ. ನಾನು ಹೋದಾಗ ಯೂನಿಫಾರ್ಮ್ ಹಾಕಿದ ಮಕ್ಕಳು ಮಳೆಯಲ್ಲಿ ಇಳಿದು ಬರುತ್ತಿದ್ದರು, ಚರ್ಚಿಗೆ ಹೋಗುವ ಮನೆಯವರೂ ಹೋಗದ ಮನೆಯವರೂ ಒಂದೇ ಕೊಡೆ ಕೆಳಗೆ.

ಕೊನೆಯದಾಗಿ ಹಾಡಿನ ಬಗ್ಗೆ. ಚರ್ಚು ಕಣ್ಣಿಗೆ ಕಾಣಲಿಲ್ಲ ಅಂದೆನಲ್ಲ, ಕಿವಿಗೆ ಕೇಳಿಸಿತು. ನಾಲ್ಕು ದನಿಗಳಲ್ಲಿ ಹಾಡುತ್ತಿದ್ದರು. ಅವರ ಹಾಡಿನ ಪುಸ್ತಕ ತೆಗೆದು ನೋಡಿದೆ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಇಲ್ಲ, ಸಾಲು ಸಾಲಾಗಿ ಬರೀ ಅಕ್ಷರ. ಡೊ ರೆ ಮಿ ಅನ್ನುವುದರ ಮೊದಲ ಅಕ್ಷರಗಳು. ವೆಲ್ಷ್ ಪಾದ್ರಿಗಳು ತಂದ ಪದ್ಧತಿ, ಟಾನಿಕ್ ಸೋಲ್ಫಾ ಅಂತ ಹೆಸರು. ಸಂಗೀತ ಪಾಠಕ್ಕೆ ಹೋದವರಿಗೆ ನಮ್ಮ ಸ ರಿ ಗ ಮ ಪುಸ್ತಕ ನೆನಪಾಗುತ್ತದೆ, ನನಗೂ ಆಯಿತು.

ಖಾಸಿಗಳಿಗೆ ಒಂದು ನಾಡಗೀತೆ ಇದೆ. ಬರೆದವರು ಆ ಬೈಬಲ್ ಮುಗಿಸಿದ ಜಾನ್ ರಾಬರ್ಟ್ಸ್. ಮಾತು ಖಾಸಿ, ಧಾಟಿ ವೇಲ್ಸ್ ನಾಡಗೀತೆಯದು. ಊರಿಗೆ ಹೊರಡುವ ದಿನ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಕೂತಿದ್ದೆ, ಮಳೆ ಬಿಟ್ಟಿರಲಿಲ್ಲ. ವೇಲ್ಸ್‌ನ ರಗ್ಬಿ ಪಂದ್ಯದ ಒಂದು ವಿಡಿಯೋ ಫೋನಿನಲ್ಲಿ ಹಾಕಿದೆ, ಆಟ ಶುರುವಾಗುವ ಮೊದಲು ಇಡೀ ಸ್ಟೇಡಿಯಂ ಎದ್ದು ನಿಂತು ಹಾಡುತ್ತದಲ್ಲ, ಅದು. ಚಹಾ ಸೋಸುತ್ತಿದ್ದ ಹುಡುಗ ಬಗ್ಗಿ ನೋಡಿದ. ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಒಳಗಿದ್ದ ತಾಯಿಯನ್ನು ಕರೆದು ತೋರಿಸಿ, ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಇವರ್ಯಾಕೆ ನಮ್ಮ ಹಾಡು ಹಾಡ್ತಾ ಇದ್ದಾರೆ?"